ಚಾಚಿದ ಕೈ

ವಾದದ ಕಾವಿನಲ್ಲಿ ಕೃಷ್ಣಾಜಿ ವಕೀಲರು ನ್ಯಾಯಾಧೀಶರ ಮೇಲಿಟ್ಟ ಕಣ್ಣು ಕೀಳದೆ ಬಲಗೈಯನ್ನು ಹಿಂದಕ್ಕೆ ಚಾಚಿದರು. ಹುನಗುಂದದ ಕೋರ್ಟಿನಲ್ಲಿ ಇಪ್ಪತ್ತು ವರ್ಷ ಆ ಕೈಗೆ ಬೇಕಾದ ಪುಸ್ತಕ, ಬೇಕಾದ ಪುಟ ತೆರೆದುಕೊಂಡೇ ಬರುತ್ತಿತ್ತು, ಕೊಡುತ್ತಿದ್ದವನು ಅವರ ಕಿರಿಯ ವಕೀಲ ಗುರುರಾಜ. ಚಾಚಿದ ಮೇಲೆ ನೆನಪಾಯಿತು, ಹಿಂದಿನ ಕುರ್ಚಿ ಖಾಲಿ. ತಮ್ಮ ಕಚೇರಿಯಲ್ಲಿ ಪಳಗಿದವರೆಲ್ಲ ಒಬ್ಬೊಬ್ಬರಾಗಿ ಸ್ವಂತ ಬೋರ್ಡು ಹಾಕಿಕೊಂಡಿದ್ದರು, ಕಡೆಗೆ ಗುರುರಾಜನೂ. ಇವತ್ತು ಅವನು ಎದುರುಪಕ್ಷದ ವಕೀಲ.

ಕೈ ಹಿಂದೆಗೆಯುವಷ್ಟರಲ್ಲಿ ಅದರ ಮೇಲೆ ಪುಸ್ತಕ ಬಂದು ಕೂತಿತು. ತಮಗೆ ಬೇಕಾಗಿದ್ದ ಮುಂಬಯಿ ಹೈಕೋರ್ಟಿನ ಅದೇ ತೀರ್ಪು, ಅದೇ ಪುಟ. ತಿರುಗಿ ನೋಡಿದರೆ ಗುರುರಾಜ! ತನ್ನ ಕಕ್ಷಿದಾರನನ್ನೇ ಸೋಲಿಸುವ ಪುಟ ತೆರೆದು ಕೊಟ್ಟು, ತಾನು ಎದ್ದು ಬಂದದ್ದೇ ತನಗೆ ತಿಳಿಯದವನಂತೆ ನಿಂತಿದ್ದ.

"ವಕೀಲ್ರ, ನೀವು ಯಾರ ಕಡಿ ಅದೀರಿ?" ಅವನ ಕಕ್ಷಿದಾರ ಹೊಳಬಸಪ್ಪ ಕೂಗಿದ. ಕೋರ್ಟಿಗೆ ಕೋರ್ಟೇ ನಕ್ಕಿತು.

ಕೃಷ್ಣಾಜಿ ನಗಲಿಲ್ಲ. ಪುಸ್ತಕ ಮುಚ್ಚಿ ಅವನ ಕೈಗಿಟ್ಟರು. "ಹೋಗಪಾ, ನಿನ್ನ ಜಾಗಾದಾಗ ಕೂಡು. ನನ್ನ ಪುಟ ನಾ ಹುಡುಕ್ಕೋತೇನಿ."

ಮೇಜಿನ ಮೇಲಿದ್ದ, ಅದೇ ಪುಸ್ತಕದ ತಮ್ಮ ಪ್ರತಿ ತೆರೆದು, ಕನ್ನಡಕ ಸರಿಮಾಡಿಕೊಂಡು, ಮೊದಲಿನಿಂದ ಪುಟ ತಿರುವತೊಡಗಿದರು. ನ್ಯಾಯಾಧೀಶರು ಕಾದರು. ಪುಟ ಸಿಗಲಿಲ್ಲ. ಬಲಗೈ ತಾನಾಗಿಯೇ ಮತ್ತೆ ಹಿಂದಕ್ಕೆ ಹೊರಟಿತು. ಅದನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡರು.