ಒಳಕೋಣೆಯ ಗಂಡಸು

"ನೋಡಿ ಮೇಡಂ, ಅವನ ಶರ್ಟಿನ ಗುಂಡಿ ಹಾಕ್ತಿದ್ದಾಳೆ! ಬಾಲ್ಕನಿಯಲ್ಲಿ, ಹಾಡಹಗಲೇ!"

ಟೈಲ್ಸ್ ಅಂಗಡಿಯವನು ಫೋಟೊಗಳನ್ನು ಇಸ್ಪೀಟೆಲೆಯಂತೆ ಮೇಜಿನ ಮೇಲೆ ಹರಡಿದ. ಅವನ ವಕೀಲೆಗೆ ಅವುಗಳನ್ನು ಮುಟ್ಟಲೂ ಹೇಸಿಗೆ. ಬಾಡಿಗೆಯ ಪತ್ತೇದಾರನೊಬ್ಬ ಎದುರು ತಾರಸಿಯಲ್ಲಿ ಕೂತು, ಬೇರೆಯಾದ ಹೆಂಡತಿಯ ಮನೆಯೊಳಕ್ಕೆ ಇಣುಕಿ ತೆಗೆದವು. ಗಂಡಸಿನ ಮುಖ ಒಂದರಲ್ಲೂ ಇಲ್ಲ. ಬರೀ ಬೆನ್ನು, ತಲೆಗೊಂದು ಉಣ್ಣೆ ಟೋಪಿ.

"ಯಾರಿದು?"

"ಯಾವನೋ ಬಿಕನಾಸಿ. ಅವನ ಜಾತಕ ನನಗ್ಯಾಕೆ? ಒಪ್ಪಂದದಲ್ಲೇ ಇದೆಯಲ್ಲ, ಮನೇಲಿ ಗಂಡಸನ್ನ ಇಟ್ಕೊಂಡ್ರೆ ಜೀವನಾಂಶ ಬಂದ್ ಅಂತ. ನಮ್ಮಪ್ಪನ ಆರೈಕೆ ಖರ್ಚು ನನ್ನ ಮೇಲಿದೆ ಅಂತ ಹೋದ ಸಲ ಕೋರ್ಟೇ ಅರ್ಧಕ್ಕಿಳಿಸ್ತು. ಆ ಅರ್ಧಾನೂ ಇವಳಿಗೆ ದಂಡ!"

ಫೀಸು ಮೊದಲೇ ತೆಗೆದುಕೊಂಡಾಗಿತ್ತು. ವಕೀಲೆ ಫೋಟೊಗಳನ್ನು ಫೈಲಿಗೆ ಸೇರಿಸಿದಳು.

ಕಟಕಟೆಯಲ್ಲಿ ಹೆಂಡತಿ ಒಬ್ಬಳೇ ನಿಂತಿದ್ದಳು. ವಕೀಲರನ್ನಿಡುವ ಶಕ್ತಿ ಅವಳಿಗಿರಲಿಲ್ಲ. ಈ ದುಡ್ಡೂ ನಿಂತರೆ ಬಾಡಿಗೆ ಮನೆ ಬಿಡಬೇಕಾಗುತ್ತೆ ಎಂದಷ್ಟೇ ನ್ಯಾಯಾಧೀಶರಿಗೆ ಹೇಳಿಕೊಂಡಿದ್ದಳು.

"ನಿಮ್ಮ ಮನೇಲಿ ಗಂಡಸೊಬ್ಬರಿದ್ದಾರಾ?" ವಕೀಲೆ ಕೇಳಿದಳು.

"ಇದ್ದಾರೆ."

"ಮಲಗೋದೆಲ್ಲಿ?"

"ಒಳಕೋಣೇಲಿ."

"ನೀವು?"

"ನಾನೂ ಅಲ್ಲೇ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

"ಸ್ನಾನದ್ದೂ ಕೇಳಿ ಮೇಡಂ," ಟೈಲ್ಸ್ ಅಂಗಡಿಯವನು ವಕೀಲೆಯ ಕಿವಿಗೆ ಬಾಯಿ ತಂದು ಪಿಸುಗುಟ್ಟಿದ. ಆ ಬಿಸಿಯುಸಿರಿಗೆ ಅವಳು ಪಕ್ಕಕ್ಕೆ ಸರಿದಳು. ಆದರೂ ಕೇಳಿದಳು. ತನ್ನ ದನಿಯೇ ತನಗೆ ಗಲೀಜೆನಿಸಿತು.

"ನಾನೇ ಮಾಡಿಸ್ತೀನಿ," ಎಂದಳು ಹೆಂಡತಿ, ತಲೆ ತಗ್ಗಿಸದೆ. "ಅದರಲ್ಲಿ ನಾಚಿಕೆ ಏನು ಬಂತು?"

"ಕೇಳಿದ್ರಾ, ಸ್ವಾಮಿ!" ಟೈಲ್ಸ್ ಅಂಗಡಿಯವನು ಎದ್ದೇ ನಿಂತ. "ಎಲ್ಲಿ ಬಚ್ಚಿಟ್ಟಿದ್ದಾಳೆ ಕೇಳಿ! ಆ ಮುಖ ನಾನೂ ನೋಡ್ಬೇಕು!"

ನ್ಯಾಯಾಧೀಶರು ಅವನನ್ನು ಗದರಿ ಕೂರಿಸಿ ಹೆಂಡತಿಯತ್ತ ತಿರುಗಿದರು. "ಅವರನ್ನ ಕರೆಸಬಹುದೇನಮ್ಮಾ?"

"ಹೊರಗೆ ಬೆಂಚಿನ ಮೇಲೇ ಕೂರಿಸಿ ಬಂದಿದ್ದೀನಿ, ಸ್ವಾಮಿ."

ಬಾಗಿಲು ತೆರೆಯಿತು. ಜವಾನನ ತೋಳು ಹಿಡಿದು, ನೆಲ ತಡವುವಂತೆ ಹೆಜ್ಜೆಯಿಡುತ್ತ, ಉಣ್ಣೆ ಟೋಪಿಯ ಮುದುಕನೊಬ್ಬ ಒಳಗೆ ಬಂದ. ಅವನ ಮಂಜುಗಣ್ಣು ಒಬ್ಬೊಬ್ಬರನ್ನೇ ದಾಟಿ ಟೈಲ್ಸ್ ಅಂಗಡಿಯವನ ಮೇಲೆ ನಿಂತಿತು. ಬೊಚ್ಚುಬಾಯಿ ಅಗಲವಾಗಿ ಅರಳಿತು.

"ಬಂದ್ಯಾ ಮಗನೇ? 'ಇವತ್ತು ಬರ್ತಾರೆ ಮಾವ, ಇವತ್ತು ಬರ್ತಾರೆ' ಅಂತ ನಿನ್ನ ಹೆಂಡ್ತಿ ದಿನಾ ಹೇಳ್ತಾನೇ ಇದ್ಲು."