ಎಡಗೈ ಟೈಲರಮ್ಮ

"ಅಕ್ಕಾ, ಆ ಪುಟ ಇನ್ನೂ ಕಾಣುತ್ತಾ ನೋಡಿ!"

ಟೈಲರಮ್ಮ ಇಂಟರ್ನೆಟ್ ಅಂಗಡಿಯ ಬಾಗಿಲಲ್ಲೇ ನಿಂತು ಕೇಳಿದಳು. ಓಡಿ ಬಂದಿದ್ದಳು. ಅಳತೆಯ ಟೇಪು ಇನ್ನೂ ಹೆಗಲ ಮೇಲೇ ನೇತಾಡುತ್ತಿತ್ತು.

ಆಗಿದ್ದಿಷ್ಟೇ. ಗಿರಾಕಿಯೊಬ್ಬಳು ಕೋಟು ಚೆನ್ನಾಗಿ ಬಂತೆಂಬ ಖುಷಿಯಲ್ಲಿ ತನ್ನ ಪುಟದಲ್ಲಿ ಬರೆದುಬಿಟ್ಟಿದ್ದಳು: 'ನಮ್ಮ ಬೀದಿಯ ಎಡಗೈ ಟೈಲರಮ್ಮನ ಹೊಲಿಗೆಗೆ ಸಾಟಿಯಿಲ್ಲ!' ಜೊತೆಗೆ ವಿಳಾಸ ಬೇರೆ. ಉಪಕಾರವೇ, ಪಾಪ. ಆದರೆ ಗಂಡನ ಕಣ್ಣು ತಪ್ಪಿಸಿ, ಮಗಳನ್ನು ಕಟ್ಟಿಕೊಂಡು, ಹೆಸರು ಬದಲಿಸಿ ಬದುಕುತ್ತಿರುವವಳಿಗೆ ಅದಕ್ಕಿಂತ ದೊಡ್ಡ ಅಪಕಾರ ಇನ್ನೇನಿದೆ? ಹೆಸರನ್ನೇನೋ ಬದಲಿಸಬಹುದು, ಕೈ ಬದಲಿಸಲಾದೀತೇ? ಕೈಕಾಲು ಹಿಡಿದು ಬರಹ ಅಳಿಸಿಸಿದ್ದಳು. ಆದರೂ ಹುಡುಕಿದರೆ ಕಾಣುತ್ತದೆಂದು ಪಕ್ಕದ ಮನೆಯವಳು ಈಗಷ್ಟೇ ಹೇಳಿದ್ದಳು.

"ಅಳಿಸಿದ್ದು ಹೇಗೆ ಕಾಣುತ್ತೆ ಅಕ್ಕಾ?"

ಅಂಗಡಿಯಾಕೆಗೆ ಪಾಠ ಹೇಳುವುದೆಂದರೆ ಎಲ್ಲಿಲ್ಲದ ಹುರುಪು. "ನೀನು ಕೇಳಿದಾಗ ಈ ಹುಡುಕೋ ಯಂತ್ರ ಲೋಕವೆಲ್ಲ ಸುತ್ತೋದಿಲ್ಲ ಕಣಮ್ಮ, ಮೊದಲೇ ಸುತ್ತಿ ಬಂದಿರುತ್ತೆ. ಒಂದು ಪುಟದಿಂದ ಇನ್ನೊಂದಕ್ಕೆ ಇಲಿ ಥರ ನುಗ್ಗಿ, ಯಾವ ಮಾತು ಎಲ್ಲಿದೆ ಅಂತ ಗುರುತು ಹಾಕ್ಕೊಂಡಿರುತ್ತೆ. ಕೇಳಿದ ಕೂಡಲೇ ಅದನ್ನ ತೆಗೆದು ಮುಂದಿಡುತ್ತೆ. ಪುಟ ಅಳಿಸಿದ್ರೂ, ಇನ್ನೊಂದು ಸಲ ಹೋಗಿ ನೋಡೋತನಕ ಹಳೇ ಗುರುತನ್ನೇ ತೋರಿಸ್ತಿರುತ್ತೆ. ಬಾ, ನೀನೇ ಹೊಡೆದು ನೋಡು."

ಟೈಲರಮ್ಮ ಕೂತಳು. 'ಎಡಗೈ' ಎಂದಷ್ಟೇ ಹೊಡೆದಳು. ಮಿಕ್ಕಿದ್ದನ್ನು ಹುಡುಕುವ ಪೆಟ್ಟಿಗೆ ತಾನೇ ತುಂಬಿಸಿತು: 'ಎಡಗೈ ಟೈಲರ್ ಹೆಂಗಸು, ಬಲತೋಳಿನಲ್ಲಿ ಇಸ್ತ್ರಿ ಸುಟ್ಟ ಗುರುತು.'

ಟೈಲರಮ್ಮ ಬಲತೋಳನ್ನು ಮೇಜಿನ ಕೆಳಗೆ ಎಳೆದುಕೊಂಡಳು. ಆ ಗುರುತನ್ನು ಈ ಊರಲ್ಲಿ ಕಂಡವರೇ ಇಲ್ಲ. ಸುಡುಬಿಸಿಲಲ್ಲೂ ತುಂಬುತೋಳಿನ ಅಂಗಿ ತೊಡುವವಳು ಅವಳು. ಅದು ಗೊತ್ತಿದ್ದದ್ದು ಒಬ್ಬನಿಗೆ ಮಾತ್ರ, ಅವತ್ತು ಇಸ್ತ್ರಿ ಹಿಡಿದಿದ್ದವನಿಗೆ.

"ಇದಕ್ಕೆ... ಇದನ್ನ ಯಾರು ಹೇಳಿಕೊಟ್ರು ಅಕ್ಕಾ?"

"ಅಯ್ಯೋ, ಅದೇನು ಮಹಾ! ನಿನಗಿಂತ ಮೊದಲು ಈ ಕಂಪ್ಯೂಟರ್ ಮುಂದೆ ಕೂತವರು ಏನು ಹುಡುಕಿದ್ರೋ ಅದನ್ನ ನೆನಪಿಟ್ಕೊಂಡಿರುತ್ತೆ ಅಷ್ಟೆ. ಬೆಳಿಗ್ಗೆ ಒಬ್ಬರು ಬಂದಿದ್ರು, ಊರಿಗೆ ಹೊಸಬರು. ಒಳ್ಳೇ ಮನುಷ್ಯ, ಮಾತಿಗೊಂದು ಸಲ ಅಕ್ಕಾ ಅಕ್ಕಾ ಅಂತಿದ್ರು. ತಾಳು, ಅಳಿಸಿಬಿಡ್ತೀನಿ."

ಆಕೆ ಪೆಟ್ಟಿಗೆಯನ್ನು ಖಾಲಿ ಮಾಡಿದ್ದೇ ತಡ, ಬೆಳಿಗ್ಗೆ ಹುಡುಕಿದ್ದೆಲ್ಲ ಅದರ ಕೆಳಗೆ ಸಾಲಾಗಿ ಇಳಿಯಿತು. ಎಲ್ಲಕ್ಕಿಂತ ಮೇಲಿದ್ದುದನ್ನು ಅಂಗಡಿಯಾಕೆ ಗಟ್ಟಿಯಾಗಿ ಓದಿದಳು:

"'ಹತ್ತಿರದ ಶಾಲೆ, ಬಿಡುವ ಸಮಯ.' ಹೌದಮ್ಮ, ಅವರ ಮಗಳು ಇಲ್ಲೇ ಓದ್ತಿದಾಳಂತೆ. ಕರ್ಕೊಂಡು ಹೋಗೋಕೆ ಬಂದಿದಾರಂತೆ."