ಟ್ಯಾಪೆಟ್ ಸದ್ದು

“ಇಷ್ಟು ಹೊತ್ತಾದರೂ ಬರಲಿಲ್ಲವಲ್ಲ, ಎಲ್ಲಿ ಹೋದ ಇವನು?” ದೀಪ ಹಚ್ಚಿ ಬಂದ ತಾಯಿ ಬರಿದಾದ ಬೀದಿಯನ್ನು ಕೇಳಿದಳು.

ಮಗ ತೀರಿಕೊಂಡು ವರ್ಷವಾಗಿತ್ತು. ಆಮೇಲೆ ಅವಳಿಗೆ ಮರೆವು ಹಿಡಿಯಿತೆಂದು ಎಲ್ಲರೂ ಮರುಗುತ್ತಿದ್ದರು. ಹಿತ್ತಲಲ್ಲಿ ತಂದೆ ಮಗನ ಬೈಕಿಗೆ ಕಿಕ್ ಹೊಡೆದ. ರೇಸಿಗೆಂದು ಮಗ ಒಳಗೆಲ್ಲ ಬದಲಿಸಿದ್ದ ಎಂಜಿನ್ನು. ಅದರ ಟಕಟಕ ಟ್ಯಾಪೆಟ್ ಸದ್ದು ಬೀದಿಗೆಲ್ಲ ಗುರುತು. “ಬಂದ,” ಎಂದು ಅವಳು ತಟ್ಟೆ ಹಾಕಿದಳು. ದಿನವೂ ಆ ಸದ್ದಾದ ಮೇಲೆಯೇ ಅವಳು ಉಣ್ಣುತ್ತಿದ್ದದ್ದು.

ಮರುದಿನ ಮೆಕ್ಯಾನಿಕ್ ಬಂದ. “ಇದು ಗಾಡಿಯೋ ಹೊಲಿಗೆ ಮಿಷನ್ನೋ ಯಜಮಾನ್ರೇ? ವಾಲ್ವಿನ ಟ್ಯಾಪೆಟ್ ಸಡಿಲ ಆಗಿದೆ. ಟೈಟ್ ಮಾಡಿದ್ರೆ ಸದ್ದು ನಿಲ್ಲುತ್ತೆ, ಇಲ್ಲಾಂದ್ರೆ ಎಂಜಿನ್ನೇ ಹೋಗುತ್ತೆ.”

“ಸದ್ದು ನಿಂತ್ರೆ ಇವಳು ಉಪವಾಸ ಕಣಪ್ಪಾ,” ಎಂದು ತಂದೆ ಆಯಿಲ್ ತರಲು ಹೊರಟ.

ಅವನು ಮರೆಯಾದ ಮೇಲೆ ತಾಯಿ ಹತ್ತಿರ ಬಂದಳು. “ಟೈಟ್ ಮಾಡಬೇಡಪ್ಪಾ. ನನ್ನ ಮಗ ಇಲ್ಲ ಅಂತ ನಂಗೆ ಗೊತ್ತು.”

ಮೆಕ್ಯಾನಿಕ್ ಸ್ಪ್ಯಾನರ್ ಕೆಳಗಿಟ್ಟ. “ಹಂಗಾದ್ರೆ ಯಜಮಾನ್ರಿಗೆ ಹೇಳಿಬಿಡೀಮ್ಮಾ.”

“ಹೇಳಲ್ಲ. ನಂಗೆ ಉಣಿಸೋಕೆ ಅಂತಲಾದ್ರೂ ಅವರು ಜೊತೇಲಿ ಕೂತು ಎರಡು ತುತ್ತು ತಿಂತಾ ಇದಾರೆ.”